ಆಯಿಲ್ ತುಂಬಿದ್ದರೂ ಇಳಿದುಹೋಗುತ್ತಿದ್ದ ಬ್ರೇಕ್ ಪೆಡಲ್

ಬ್ರೇಕ್ ಫೇಲ್ ಆಯಿತೆಂದು ಗ್ಯಾರೇಜಿಗೆ ಎಳೆದು ತರುವ ಕಾರುಗಳಲ್ಲಿ ಹೆಚ್ಚಿನವುಗಳ ದೋಷ ಕಣ್ಣಿಗೆ ಕಾಣುವಂಥದ್ದೇ ಆಗಿರುತ್ತದೆ. ಹಿಂದಿನ ಟೈರಿನ ಒಳಮೈ ಒದ್ದೆಯಾಗಿದ್ದರೆ ಡ್ರಮ್ಮಿನೊಳಗಿನ ವೀಲ್ ಸಿಲಿಂಡರ್ ಸೋರುತ್ತಿರುತ್ತದೆ. ಪೆಡಲ್ ವಿಪರೀತ ಗಟ್ಟಿಯಾಗಿ, ಎಷ್ಟು ತುಳಿದರೂ ಗಾಡಿ ನಿಲ್ಲದಿದ್ದರೆ ಮೊದಲು ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಬೂಸ್ಟರನ್ನೂ ಅದರ ವ್ಯಾಕ್ಯೂಮ್ ಪೈಪನ್ನೂ ನೋಡಬೇಕು. ತಲೆ ಕೆಡಿಸುವುದು ಎಲ್ಲಿಯೂ ಸೋರಿಕೆಯಿಲ್ಲದೆ, ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲಿನ ಗೆರೆಯವರೆಗೆ ಇದ್ದೂ ಪೆಡಲ್ ಇಳಿದುಹೋಗುವ ಗಾಡಿಗಳು. ಮಾಗಡಿ ರಸ್ತೆಯ ನಮ್ಮ ಗ್ಯಾರೇಜಿಗೆ ಬಂದ ಹಳೆಯ ಹ್ಯಾಚ್‌ಬ್ಯಾಕ್ ಒಂದು ಈ ಬಗೆಯದಾಗಿತ್ತು.

ಸ್ಪ್ಯಾನರ್ ಹಿಡಿಯುವ ಮೊದಲು ಗಾಡಿ ಓಡಿಸುತ್ತಿದ್ದವರನ್ನು ಕೂರಿಸಿಕೊಂಡು ಕೇಳುವುದು ನನ್ನ ಪದ್ಧತಿ. ಬೆಳಿಗ್ಗೆ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಿಂತಿದ್ದಾಗ, ಪೆಡಲಿನ ಮೇಲೆ ಹಗುರವಾಗಿ ಇಟ್ಟಿದ್ದ ಕಾಲು ತಾನಾಗಿ ಕೆಳಗಿಳಿದು, ಗಾಡಿ ಮುಂದಿದ್ದ ಆಟೋದ ಕಡೆಗೆ ಉರುಳತೊಡಗಿತಂತೆ. ಗಾಬರಿಯಿಂದ ಜೋರಾಗಿ ತುಳಿದಾಗ ನಿಂತಿತಂತೆ. "ಪಂಪ್ ಹೊಡೆದರೆ ಬ್ರೇಕ್ ಸಿಗುತ್ತೆ ಸಾರ್, ಸುಮ್ಮನೆ ಕಾಲಿಟ್ಟರೆ ಇಳಿದುಹೋಗುತ್ತೆ" ಎಂದು ಅವರು ಹೇಳಿದ ಮಾತಿನಲ್ಲಿ ಅರ್ಧ ಉತ್ತರವಿತ್ತು. ಕೆಲವು ದಿನಗಳ ಹಿಂದಷ್ಟೇ ಬೇರೊಂದು ಕಡೆ ಆಯಿಲ್ ಬದಲಿಸಿ ಏರ್ (ಪೈಪಿನೊಳಗೆ ಸೇರಿದ ಗಾಳಿ) ತೆಗೆಸಿದ್ದರೆಂಬ ಇನ್ನೊಂದು ಸಂಗತಿ ಕೇಳಿದ ಮೇಲಷ್ಟೇ ಹೊರಬಂತು.

ಇಂಥಲ್ಲಿ ಮೊದಲು ಬರುವ ಸಂಶಯ ಆಯಿಲ್ ಕುದಿದಿರಬಹುದೆಂಬುದು; ಕುದಿದು ಆವಿಯ ಗುಳ್ಳೆಗಳೆದ್ದರೆ ತುಳಿತವೆಲ್ಲ ಅವನ್ನು ಅದುಮುವುದರಲ್ಲೇ ಮುಗಿಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ; ಡಾಟ್ 3 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದ್ದರೂ, ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ನಂದಿ ಬೆಟ್ಟದಿಂದ ಬ್ರೇಕ್ ಒತ್ತಿಕೊಂಡೇ ಇಳಿದುಬಂದ ಕಾರುಗಳಲ್ಲಿ ಇದರಿಂದಲೇ ಪೆಡಲ್ ಮಾಯವಾಗಿ, ತಣ್ಣಗಾದ ಮೇಲೆ ಏನೂ ಆಗದಂತೆ ಮರಳುವುದುಂಟು. ಆದರೆ ಇಲ್ಲಿ ಬ್ರೇಕ್ ಬಿಸಿಯಾಗುವಷ್ಟು ಗಾಡಿ ಓಡಿರಲಿಲ್ಲ, ಆಯಿಲ್ ಕೂಡ ಹೊಸದು. ಏರ್ ಉಳಿದಿದೆಯೇ ಎಂದು ನಾಲ್ಕೂ ಚಕ್ರಗಳಲ್ಲಿ ಏರ್ ಬಿಡುವ ನಿಪ್ಪಲ್ ಸಡಿಲಿಸಿ ನೋಡಿದೆ. ಒಂದು ಗುಳ್ಳೆಯೂ ಬರಲಿಲ್ಲ. ಏರ್ ಇದ್ದರೆ ಪೆಡಲ್ ಮೆತ್ತಗಾಗುತ್ತದೆಯೇ ಹೊರತು, ಒತ್ತಿ ಹಿಡಿದ ಕಾಲಿನ ಕೆಳಗೆ ಹೀಗೆ ಜಾರುತ್ತಾ ಹೋಗುವುದಿಲ್ಲ.

ಎಂಜಿನ್ ಆಫ್ ಮಾಡಿ, ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಮುಗಿಯುವವರೆಗೆ ಪೆಡಲನ್ನು ಕೆಲವು ಸಲ ತುಳಿದೆ. ನಂತರ ಜೋರಾಗಿ ಒತ್ತಿ ಹಿಡಿದಾಗ ಅದು ಕದಲಲಿಲ್ಲ. ಹಗುರವಾಗಿ ಒತ್ತಿ ಹಿಡಿದಾಗ ಮೆಲ್ಲನೆ ಇಳಿಯತೊಡಗಿತು. ಜೋರಾಗಿ ತುಳಿದು ನೋಡಿ "ಪೆಡಲ್ ಸರಿಯಿದೆ" ಎಂದು ಗಾಡಿ ಹಿಂತಿರುಗಿಸುವವರು ಎಡವುವುದು ಇಲ್ಲಿಯೇ. ಪೆಡಲ್ ತುಳಿದಾಗ ಆಯಿಲನ್ನು ಚಕ್ರಗಳತ್ತ ತಳ್ಳುವುದು ಮಾಸ್ಟರ್ ಸಿಲಿಂಡರ್; ಅದರೊಳಗಿನ ಪಿಸ್ಟನ್ನಿನ ರಬ್ಬರ್ ಕಪ್ಪಿನ ಅಂಚು ಸವೆದಿದ್ದರೂ ಹೆಚ್ಚಿನ ಒತ್ತಡದಲ್ಲಿ ಅದು ಅರಳಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ಒತ್ತಡ ಕಡಿಮೆಯಿದ್ದಾಗ ಆಯಿಲ್ ಅದರ ಪಕ್ಕದಿಂದ ನುಸುಳಿ ಮತ್ತೆ ಡಬ್ಬಿಗೇ ಸೇರುತ್ತದೆ. ಹೊರಗೆ ಸೋರದಿರುವುದಕ್ಕೂ, ಆಯಿಲ್ ಮಟ್ಟ ಇಳಿಯದೆ ಎಚ್ಚರಿಕೆಯ ದೀಪ ಹತ್ತದಿರುವುದಕ್ಕೂ ಇದೇ ಕಾರಣ. ಹೆದ್ದಾರಿಯಲ್ಲಿ ಹೊರಬೀಳದ ಈ ದೋಷ, ಹಗುರವಾಗಿ ಬ್ರೇಕ್ ಹಿಡಿದುಕೊಂಡೇ ತೆವಳಬೇಕಾದ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹೊರಬೀಳುತ್ತದೆ.

ಆದರೂ ಬಿಡಿಭಾಗಕ್ಕೆ ಹಣ ಹಾಕಿಸುವ ಮೊದಲು ಖಚಿತವಾಗಬೇಕಿತ್ತು. ಸಿಲಿಂಡರಿನಿಂದ ಹೊರಡುವ ಪೈಪುಗಳನ್ನು ಬಿಚ್ಚಿ, ಆ ತೂತುಗಳಿಗೆ ಅದೇ ಅಳತೆಯ ಥ್ರೆಡ್ಡಿನ ಬ್ಲಾಂಕ್ ಪ್ಲಗ್ ಹಾಕಿ ಬಿಗಿದೆ. (ಆಯಿಲ್ ಪೇಂಟಿನ ಮೇಲೆ ಬಿದ್ದರೆ ಪೇಂಟ್ ಕಿತ್ತುಬರುತ್ತದೆ, ಕೆಳಗೆ ಬಟ್ಟೆ ಹಾಸಿಕೊಂಡಿರಬೇಕು.) ಆಯಿಲ್ ಚಕ್ರಗಳ ಕಡೆಗೆ ಹೋಗುವ ದಾರಿಯೇ ಮುಚ್ಚಿರುವಾಗ ಪೆಡಲ್ ಇಳಿಯಲೇಬಾರದು, ಈ ಗಾಡಿಯಲ್ಲಿ ಇಳಿಯಿತು. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರುಗಳಲ್ಲಂತೂ ನಾನು ಈ ಪರೀಕ್ಷೆಯನ್ನು ಬಿಡುವುದೇ ಇಲ್ಲ, ಏಕೆಂದರೆ ಎಬಿಎಸ್ ಘಟಕದೊಳಗಿನ ವಾಲ್ವ್ ಸೋರಿದರೂ ಪೆಡಲ್ ಇದೇ ರೀತಿ ಇಳಿಯಬಹುದು.

ಸಿಲಿಂಡರ್ ಬಿಚ್ಚಿದಾಗ, ಪಿಸ್ಟನ್ ದಿನನಿತ್ಯ ಓಡಾಡುವ ಭಾಗ ನುಣುಪಾಗಿಯೇ ಇತ್ತು. ಅದರಾಚೆ ಪಿಸ್ಟನ್ ಸಾಮಾನ್ಯವಾಗಿ ತಲುಪದ ಜಾಗದಲ್ಲಿ ತುಕ್ಕು ಹಿಡಿದು ಒರಟಾಗಿತ್ತು, ಕಪ್ಪಿನ ಅಂಚಿನಲ್ಲಿ ಸೀಳುಗಳಿದ್ದವು. ಏರ್ ತೆಗೆಯುವಾಗ ಪೆಡಲನ್ನು ನೆಲಕ್ಕೆ ತಾಗುವವರೆಗೆ ತುಳಿದರೆ ರಬ್ಬರ್ ಕಪ್ ಆ ಒರಟಿನ ಮೇಲೆ ಉಜ್ಜಿ ಹರಿಯುತ್ತದೆ. ಇಲ್ಲಿಯೂ ಹಾಗೆಯೇ ಆಗಿರಬೇಕೆಂಬುದು ನನ್ನ ತೀರ್ಮಾನ. ಹಳೆಯ ಗಾಡಿಗಳಿಗೆ ಏರ್ ತೆಗೆಯುವಾಗ ನಾನು ಪೆಡಲಿನ ಕೆಳಗೆ ಮರದ ತುಂಡೊಂದನ್ನು ಇಡುವುದು ಇದಕ್ಕಾಗಿಯೇ.

ಬರೀ ಕಿಟ್ (ಹೊಸ ರಬ್ಬರ್ ಕಪ್ಪುಗಳ ಸೆಟ್) ಹಾಕಿದರೆ ಸಾಲದೇ ಎಂದು ಮಾಲೀಕರು ಕೇಳಿದರು. ತುಕ್ಕು ಹಿಡಿದ ಸಿಲಿಂಡರಿಗೆ ಹೊಸ ಕಪ್ ಹಾಕಿದರೆ ಅದೂ ಹರಿಯುತ್ತದೆಂದು ತೋರಿಸಿದ ಮೇಲೆ ಒಪ್ಪಿದರು, ಜೆ.ಸಿ. ರಸ್ತೆಯಿಂದ ಕಂಪನಿಯ ಪೂರ್ಣ ಅಸೆಂಬ್ಲಿಯನ್ನೇ ತರಿಸಿದೆ. ಅದನ್ನು ವೈಸಿನಲ್ಲಿ ಕಚ್ಚಿಸಿ ಒಳಗಿನ ಏರ್ ತೆಗೆದು, ನಂತರ ಗಾಡಿಗೆ ಕೂರಿಸಿ, ನಾಲ್ಕೂ ಚಕ್ರಗಳಿಂದ ಮತ್ತೆ ಏರ್ ತೆಗೆದೆ. ಹಗುರವಾಗಿ ಒತ್ತಿದ ಪೆಡಲ್ ಈ ಸಲ ಇದ್ದಲ್ಲೇ ನಿಂತಿತು. ಹ್ಯಾಂಡ್ ಬ್ರೇಕ್ ಹಿಡಿಯುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ಗ್ಯಾರೇಜಿನ ಹಿಂದಿನ ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ನೋಡಿದೆ. ಒಂದು ವಾರದ ನಂತರ ಡಬ್ಬಿಯ ಮಟ್ಟ ತೋರಿಸಿಕೊಂಡು ಹೋಗಬೇಕೆಂದು ಹೇಳಿ ಕೀ ಕೊಟ್ಟೆ. ಹೊಸ ಸಿಲಿಂಡರಿನ ಹಿಂದಿನ ಸೀಲ್ ಸೋರಿದರೆ ಆಯಿಲ್ ನೆಲಕ್ಕೆ ತೊಟ್ಟಿಕ್ಕದೆ ಬೂಸ್ಟರಿನೊಳಗೆ ಇಳಿಯುವುದರಿಂದ, ಡಬ್ಬಿಯ ಮಟ್ಟವೊಂದರಿಂದಲೇ ಅದು ತಿಳಿಯುತ್ತದೆ.