ತುಕ್ಕು ತೆಗೆಯಬಹುದು, ಹದ ಹೋದರೆ ಕಷ್ಟ

ಹೋದ ವರ್ಷ ಆಯುಧಪೂಜೆಯ ಹಿಂದಿನ ದಿನ ಕೊಟ್ಟಿಗೆಯ ಅಟ್ಟ ಹತ್ತಿದ್ದೆ. ಒಂದು ಗೋಣಿಚೀಲ ಸಿಕ್ಕಿತು. ಒಳಗೆ ಅಜ್ಜನ ಕಾಲದ ಎರಡು ಕತ್ತಿ, ಕಾವು (ಮರದ ಹಿಡಿ) ಮುರಿದ ಕೊಡಲಿ, ಒಂದು ಗುದ್ದಲಿ, ಮೂರು ಉಳಿ. ಎಲ್ಲಕ್ಕೂ ತುಕ್ಕು. ಮಲೆನಾಡಿನ ಮಳೆಗಾಲ ಕಂಡ ಕಬ್ಬಿಣ ಹೇಗಿರುತ್ತದೆ ಅಂತ ಗೊತ್ತಲ್ವಾ.

ಅಪ್ಪ ನೋಡಿ, "ಗುಜರಿಗೆ ಹಾಕು ಮಾರಾಯ, ಸಾಗರ ಪೇಟೆಯಲ್ಲಿ ಹೊಸದೇ ಸಿಗ್ತದೆ" ಅಂದರು. ಆ ಹೊಸದನ್ನೂ ನಾವು ಕಂಡಿದ್ದೇವೆ. ಹಿಂದಿನ ಬೇಸಿಗೆಯಲ್ಲಿ ತಂದ ಕತ್ತಿ ಒಣ ಬಿದಿರಿಗೆ ನಾಲ್ಕು ಏಟು ಹಾಕುವಷ್ಟರಲ್ಲಿ ಬಾಯಿ ಮಡಚಿಕೊಂಡಿತ್ತು.

ಮೊದಲ ಕತ್ತಿಯನ್ನು ನಾನೇ ಹಾಳು ಮಾಡಿದೆ. ಮನೆಯಲ್ಲಿ ಕಬ್ಬಿಣ ಉಜ್ಜುವ ಗ್ರೈಂಡರ್ ಇತ್ತು. ತಂತಿ ಬ್ರಷ್ ಹಾಕಿ ತುಕ್ಕು ತೆಗೆದೆ. ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಬ್ರಷ್ ತೆಗೆದು ಮಸೆಯುವ ಕಲ್ಲು ಹಾಕಿ ಬಾಯಿಗೂ ಹಿಡಿದೆ. ಹತ್ತೇ ನಿಮಿಷದಲ್ಲಿ ಕತ್ತಿ ಫಳಫಳ. ಅಂಚಿನಲ್ಲಿ ಎರಡು ಕಡೆ ನವಿಲಿನ ಕತ್ತಿನಂಥ ನೀಲಿ ಬಣ್ಣ ಬಂದಿತ್ತು, ಚೆಂದ ಇದೆ ಅಂದುಕೊಂಡೆ. ಎರಡು ದಿನ ಸೊಪ್ಪು ಕಡಿದ ಮೇಲೆ ಸರಿಯಾಗಿ ಆ ನೀಲಿ ಇದ್ದ ಜಾಗದಲ್ಲೇ ಬಾಯಿ ಮಡಚಿತು.

ಊರಿನಾಚೆ ಇನ್ನೂ ಒಂದು ಕುಲುಮೆ ನಡೆಯುತ್ತಿದೆ. ಅಲ್ಲಿಯ ಆಚಾರ್ರು ಕತ್ತಿ ಕೈಗೆ ತಗೊಂಡು ಒಂದು ಹಳೇ ಅರದಿಂದ ಬಾಯನ್ನು ಎರಡು ಸಲ ಗೀರಿದರು. ಒಂದು ಕಡೆ ಅರ ಗಟ್ಟಿಯಾಗಿ ಸದ್ದು ಮಾಡಿ ಜಾರಿತು. ನೀಲಿ ಇದ್ದ ಕಡೆ ಮೆತ್ತಗೆ ಬೆಲ್ಲ ಕೆರೆದ ಹಾಗೆ ಕಚ್ಚಿತು. "ಹದ ಹೋಯ್ತಲ್ಲ ತಮ್ಮಾ. ಸುಟ್ಟಿದ್ದೀಯ" ಅಂದರು.

ಹದ ಅಂದರೆ ಕಾಯಿಸಿ ನೀರಿಗೆ ಅದ್ದಿ ಉಕ್ಕಿಗೆ ಕೊಟ್ಟ ಗಡಸುತನ. ಉಕ್ಕು ಸುಮಾರು 300 ಡಿಗ್ರಿ ಮುಟ್ಟಿದಾಗ ಆ ನೀಲಿ ಬರುತ್ತದೆ. ಗ್ರೈಂಡರಿನ ಕಲ್ಲು ಉಜ್ಜಿ ಹುಟ್ಟಿದ ಅಷ್ಟು ಬಿಸಿ ಕತ್ತಿಯ ಬಾಯಿಗೆ ಜಾಸ್ತಿಯಾಯಿತು. ಬಣ್ಣ ಬಂದ ಮೇಲೆ ನೀರಿಗೆ ಅದ್ದಿದರೆ ಹೋದ ಹದ ತಿರುಗಿ ಬರುವುದಿಲ್ಲ. ಮತ್ತೆ ಬೆಂಕಿಗೇ ಹೋಗಬೇಕು.

ಅವರು ಮಾಡಿದ್ದನ್ನು ಪಕ್ಕದಲ್ಲೇ ನಿಂತು ನೋಡಿದೆ. ಕುಲುಮೆ ಯಾಕೆ ಯಾವಾಗಲೂ ಕತ್ತಲೆ ಅನ್ನೋದು ಆಗ ತಿಳಿಯಿತು. ಬಿಸಿಲಲ್ಲಿ ಕಬ್ಬಿಣದ ಕೆಂಪು ಅಳೆಯಲು ಆಗುವುದಿಲ್ಲ. ಇದ್ದಿಲಿನಲ್ಲಿ ಬಾಯಿ ಕೆಂಪಗಾಗುವವರೆಗೆ ಕಾಯಿಸಿ, ಅಂಚನ್ನು ಮಾತ್ರ ಬಾನಿಯ ನೀರಿಗೆ ಇಳಿಸಿದರು. ಬೆನ್ನಿನ ಕಡೆ ಇನ್ನೂ ಬಿಸಿ ಇತ್ತು. ಹೊರಗೆ ತೆಗೆದು ಕಲ್ಲಿನ ಚೂರಿನಿಂದ ಬಾಯಿ ಪಕ್ಕ ಚೂರು ಉಜ್ಜಿ ಬೆಳ್ಳಗೆ ಮಾಡಿದರು. ಬೆನ್ನಿನ ಬಿಸಿ ಬಾಯಿಯತ್ತ ಹರಿದು ಬರುವಾಗ ಆ ಬೆಳ್ಳಗಿನ ಜಾಗದಲ್ಲಿ ಬಣ್ಣ ಓಡಿತು. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಸ್ವಲ್ಪ ಕಂದು. ಅಷ್ಟಕ್ಕೇ ಪೂರ್ತಿ ನೀರಿಗೆ. ಇನ್ನೆರಡು ಕ್ಷಣ ಬಿಟ್ಟಿದ್ದರೆ ನನ್ನದೇ ನೀಲಿ ಬರುತ್ತಿತ್ತು.

ಆಮೇಲೆ ಉಳಿದದ್ದನ್ನೆಲ್ಲ ನಿಧಾನಕ್ಕೆ ಮಾಡಿದೆ. ಎರಡನೇ ಕತ್ತಿಯ ಹಿಡಿ ಹೇಗೂ ಸಡಿಲವಾಗಿತ್ತು, ಕಳಚಿದೆ. 4 ಇಂಚಿನ ಪಿವಿಸಿ ಪೈಪನ್ನು ಒಂದೂವರೆ ಅಡಿ ಕತ್ತರಿಸಿ, ಕೆಳಗೆ ಮುಚ್ಚಳ ಹಾಕಿ, ಕತ್ತಿಯನ್ನು ಇಳಿಬಿಟ್ಟು, ಮುಳುಗುವಷ್ಟು ಅಂಗಡಿಯ ಬಿಳಿ ವಿನೆಗರ್ ಹೊಯ್ದೆ. ಮೂರೂವರೆ ಲೀಟರ್ ಹತ್ತಿರ ಹಿಡಿಯಿತು. ಬಕೆಟ್ಟಿಗೆ ಹಾಕಿದ್ದರೆ ಅದರ ಮೂರು ಪಟ್ಟು ಬೇಕಾಗುತ್ತಿತ್ತು. ಒಂದು ರಾತ್ರಿ ಸಾಕು. ಬೆಳಿಗ್ಗೆ ತುಕ್ಕು ಕರಿ ಕೆಸರಾಗಿರುತ್ತದೆ, ತೆಂಗಿನ ನಾರಿನಲ್ಲಿ ತಿಕ್ಕಿದರೆ ಹೋಗುತ್ತದೆ. ಗುದ್ದಲಿಯನ್ನು ಮರೆತು ಎರಡು ದಿನ ಬಿಟ್ಟಿದ್ದೆ. ಹುಳಿ ತುಕ್ಕು ತಿಂದು ಮುಗಿಸಿ ಉಕ್ಕನ್ನೂ ತಿನ್ನಲು ಶುರು ಮಾಡಿ, ಮೈಯೆಲ್ಲ ದೊರಗಾಯಿತು. ಗುದ್ದಲಿ ಆದ್ದರಿಂದ ನಡೆಯಿತು. ತೊಳೆದ ಮೇಲೆ ಅಡುಗೆ ಸೋಡಾ ಕಲಸಿದ ನೀರಲ್ಲಿ ಅದ್ದಿ, ಕೂಡಲೇ ಒರೆಸಿ, ಬಿಸಿಲಿಗಿಟ್ಟು, ಎಣ್ಣೆ ಹಚ್ಚಬೇಕು. ಒಂದು ಗಂಟೆ ಸುಮ್ನೆ ಬಿಟ್ಟರೂ ಹೊಸ ತುಕ್ಕಿನ ಪುಡಿ ಕೂರುತ್ತದೆ. ತೆಳ್ಳಗಿನ ತುಕ್ಕಿಗಾದರೆ ವಿನೆಗರೂ ಬೇಡ, ಹುಣಸೆಹಣ್ಣು ಸಾಕು. ಅಮ್ಮ ಈಳಿಗೆ ಉಜ್ಜುವುದು ಅದರಲ್ಲೇ.

ಕತ್ತಿಗೆ ಹಿಡಿ ಕೂರಿಸಲು ಅರಗು ತಂದೆ. ಹಿಡಿಯ ತೂತಿಗೆ ಅರಗಿನ ಪುಡಿ ತುಂಬಿ, ಒಳಗೆ ಹೋಗುವ ಮೊನೆಯನ್ನು ಕಾಯಿಸಿ ಒತ್ತಿದರೆ ಅರಗು ಕರಗಿ, ತಣ್ಣಗಾದಾಗ ಹಿಡಿದುಕೊಳ್ಳುತ್ತದೆ. ಮೊನೆ ಕಾಯಿಸುವಾಗ ಬಾಯಿಗೆ ಒದ್ದೆ ಬಟ್ಟೆ ಸುತ್ತಿಟ್ಟಿದ್ದೆ. ಒಮ್ಮೆ ಸುಟ್ಟವನಿಗೆ ಅಷ್ಟಾದರೂ ಬುದ್ಧಿ ಬರಬೇಕಲ್ಲ.

ಕೊಡಲಿಯದ್ದು ಬೇರೆ ಕತೆ. ಅದರ ಕಣ್ಣಿನೊಳಗೆ, ಅಂದರೆ ಕಾವು ಕೂರುವ ತೂತಿನೊಳಗೆ, ಮುರಿದ ಕಾವಿನ ತುಂಡು ಸಿಕ್ಕಿಕೊಂಡಿತ್ತು. ನಮ್ಮ ಕಡೆ ಇಂಥದ್ದನ್ನು ಬಚ್ಚಲ ಒಲೆಗೆ ಹಾಕುತ್ತಾರೆ. ಮರ ಸುಟ್ಟುಹೋಗುತ್ತದೆ, ಕೊಡಲಿ ಹಾಗೇ ಸಿಗುತ್ತದೆ ಅನ್ನುವ ಲೆಕ್ಕ. ಹಾಗೇ ಸಿಗುವುದಿಲ್ಲ, ಹದ ಬಿಟ್ಟ ಕೊಡಲಿ ಸಿಗುತ್ತದೆ. ನಾನು ತುಂಡಿನಲ್ಲಿ ಏಳೆಂಟು ಕಡೆ ಡ್ರಿಲ್ ಮಾಡಿ, ಕಬ್ಬಿಣದ ಸರಳಿಟ್ಟು ಹೊಡೆದು ಹೊರಗೆ ತಳ್ಳಿದೆ. ಅರ್ಧ ಗಂಟೆಯ ಕೆಲಸ.

ಹೊಸ ಕಾವಿಗೆ ತಡಸಲು ಮರದ ಒಣಗಿದ ತುಂಡು ತೋಟದ ಮನೆಯಲ್ಲಿತ್ತು. ಏಟಿಗೆ ಬಾಗಿ ತಿರುಗಿ ನೆಟ್ಟಗಾಗುವ ಮರ ಅದು, ಹಿಂದೆ ಗಾಡಿಗೂ ಬಳಸುತ್ತಿದ್ದರು. ಮರದ ನಾರಿನ ಎಳೆ ತುದಿಯಿಂದ ತುದಿಗೆ ನೇರವಾಗಿ ಓಡುವ ಸೀಳನ್ನೇ ಆರಿಸಿದೆ. ಅಡ್ಡ ಎಳೆಯ ಕಾವು ಯಾವತ್ತಾದರೂ ಕೈಕೊಡುತ್ತದೆ. ಕಣ್ಣಿಗೆ ಬಿಗಿಯಾಗಿ ಕೂರಿಸಿ, ತಲೆಯಲ್ಲಿ ಸೀಳು ಮಾಡಿ ಬೆಣೆ ಹೊಡೆದೆ.

ಸಡಿಲವಾದ ಗುದ್ದಲಿ ಕೊಡಲಿಯನ್ನು ತೊಟ್ಟಿಯ ನೀರಲ್ಲಿ ಮುಳುಗಿಸಿಡುವ ಅಭ್ಯಾಸ ಎಲ್ಲರಿಗೂ ಇದೆ, ನನಗೂ ಇತ್ತು. ಆ ದಿನಕ್ಕೆ ಬಿಗಿಯಾಗುವುದು ನಿಜ. ಆದರೆ ನೆನೆದು ಉಬ್ಬಿದ ಮರ ಕಬ್ಬಿಣಕ್ಕೆ ಒತ್ತಿ ನಜ್ಜಾಗುತ್ತದೆ. ಒಣಗಿದ ಮೇಲೆ ಮೊದಲಿಗಿಂತ ಜಾಸ್ತಿ ಸಡಿಲ. ಹೊಸ ಬೆಣೆ ಹಾಕುವುದೇ ಸರಿ.

ಕಾವಿಗೆ ಪೇಂಟ್ ಅಂಗಡಿಯ ಅಗಸೆ ಎಣ್ಣೆ ಮೂರು ಸಲ ಹಚ್ಚಿದೆ. ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಸೇರಿ ಬೆಂಕಿಯೂ ಹತ್ತಬಹುದು. ಬಟ್ಟೆಯನ್ನು ಹರಡಿ ತಂತಿಗೆ ಹಾಕಿ ಒಣಗಿಸಿ.

ಹರಿತ ಮಾಡಲು ಈಗ ಅರ ಮತ್ತು ನೀರು ಹಾಕಿದ ಸಾಣೆಕಲ್ಲು ಮಾತ್ರ. ಬಾಯಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದುಕೊಳ್ಳುತ್ತೇನೆ, ಅರ ಎಲ್ಲಿ ತಾಗುತ್ತಿದೆ ಅನ್ನೋದು ಕಾಣುತ್ತದೆ. ಅರವನ್ನು ಮುಂದಕ್ಕೆ ತಳ್ಳುವಾಗಷ್ಟೇ ಒತ್ತಬೇಕು. ಹಿಂದಕ್ಕೆ ಎಳೆಯುವಾಗಲೂ ಒತ್ತಿದರೆ ಅರದ ಹಲ್ಲೇ ಸವೆಯುತ್ತದೆ.

ಈ ಸಲದ ಪೂಜೆಗೆ ಎಲ್ಲವನ್ನೂ ಸಾಲಾಗಿ ಇಟ್ಟೆವು. ಅಮ್ಮ ಒದ್ದೆ ಕುಂಕುಮ ಹಚ್ಚಿದರು, ಮಾರನೇ ದಿನ ಕೊಡಲಿಯ ಮೇಲೆ ಮೂರು ಬೆರಳಿನ ತುಕ್ಕು! ಎಣ್ಣೆ ಹಚ್ಚಿ ಒರೆಸಿದೆ, ಅಮ್ಮನಿಗೆ ಹೇಳಲಿಲ್ಲ.

ಉಳಿ ಮೂರರಲ್ಲಿ ಎರಡು ಸರಿಯಾದವು. ಮೂರನೆಯದು ಇನ್ನೂ ಚೀಲದಲ್ಲಿದೆ. ಅದರ ಚಪ್ಪಟೆ ಬದಿಯಲ್ಲಿ, ಬಾಯಿಯ ಹತ್ತಿರವೇ ತುಕ್ಕು ಗುಂಡಿ ಕೊರೆದಿದೆ. ಎಷ್ಟು ಮಸೆದರೂ ಗುಂಡಿ ಬಂದ ಕಡೆ ಅಂಚು ತುಂಡಾಗುತ್ತದೆ. ಕಾಲು ಇಂಚು ಹಿಂದಕ್ಕೆ ಸವೆಸಿದರೆ ಒಳ್ಳೆಯ ಉಕ್ಕು ಸಿಗುತ್ತದೆ ಅಂತ ಕಾಣುತ್ತದೆ. ಗ್ರೈಂಡರಿನಲ್ಲಿ ಎರಡು ನಿಮಿಷ. ಕಲ್ಲಿನ ಮೇಲಾದರೆ ಮಳೆಗಾಲ ಪೂರ್ತಿ ಬೇಕು, ಅದಕ್ಕೇ ಮಳೆಗೆ ಕಾಯುತ್ತಿದ್ದೇನೆ.