ಮೊಡವೆ ಹೋದ ಮೇಲೆ ಉಳಿಯುವ ಕೆಂಪು ಕಲೆಗೆ ಏನು ಕೊಳ್ಳಬೇಕು, ಏನು ಬಿಡಬೇಕು

ಮೊಡವೆ ಬಿಟ್ಟುಹೋಗುವ ಕಲೆಗಳಲ್ಲಿ ಎರಡು ಬಗೆ ಇವೆ. ಒಂದಕ್ಕೆ ಕೆಲಸ ಮಾಡುವ ಸೀರಮ್ ಇನ್ನೊಂದಕ್ಕೆ ಅಷ್ಟಾಗಿ ಮಾಡುವುದಿಲ್ಲ. ಹಾಗಾಗಿ ದುಡ್ಡು ಖರ್ಚು ಮಾಡುವ ಮೊದಲು ಕನ್ನಡಿ ಮುಂದೆ ನಿಂತು ಒಂದು ಪರೀಕ್ಷೆ ಮಾಡಿ. ಗಾಜಿನ ಲೋಟವನ್ನು ಕಲೆಯ ಮೇಲೆ ಮೆಲ್ಲಗೆ ಒತ್ತಿ, ಗಾಜಿನ ಮೂಲಕ ನೋಡಿ. ಬಣ್ಣ ಮಾಯವಾಗಿ, ಲೋಟ ತೆಗೆದ ಕೂಡಲೇ ಮತ್ತೆ ಬಂದರೆ ಅದು ರಕ್ತನಾಳದ ಕೆಂಪು. ಮೊಡವೆ ಊದಿಕೊಂಡಾಗ ಅಲ್ಲಿನ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ಮೊಡವೆ ಹೋದರೂ ಅವು ಬೇಗ ಮೊದಲಿನಂತಾಗುವುದಿಲ್ಲ. ಒತ್ತಿದರೂ ಬಣ್ಣ ಹಾಗೇ ಇದ್ದರೆ ಅದು ಮೆಲನಿನ್, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ವಸ್ತು, ಹೆಚ್ಚಾಗಿ ಬಿದ್ದ ಕಂದು ಕಲೆ. ನಮ್ಮ ಮೈಬಣ್ಣದಲ್ಲಿ ಕೆಂಪು ಎಷ್ಟೋ ಸಲ ನೇರಳೆಯಂತೆ ಕಾಣುತ್ತದೆ, ಎರಡೂ ಒಂದೇ ಕಲೆಯಲ್ಲಿ ಬೆರೆತಿರುವುದೂ ಇದೆ.

ಇದು ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ. 'ವೈಟ್ನಿಂಗ್', 'ಬ್ರೈಟ್ನಿಂಗ್' ಅಂತ ಬರೆದಿರುವ ಕ್ರೀಮ್‌ಗಳು ಹೆಚ್ಚಾಗಿ ಮೆಲನಿನ್ ಕಡಿಮೆ ಮಾಡಲು ಇರುವಂಥವು, ಹಿಗ್ಗಿದ ರಕ್ತನಾಳಕ್ಕೆ ಅವುಗಳಿಂದ ಏನೂ ಆಗುವುದಿಲ್ಲ. ಕೆಂಪು ಕಲೆಗೆ ಬೇಕಾಗಿರುವುದು ಚರ್ಮವನ್ನು ತಣ್ಣಗೆ ಇಡುವುದು, ಬಿಸಿಲಿನಿಂದ ಕಾಯುವುದು, ಹೊಸ ಮೊಡವೆ ಬರದಂತೆ ನೋಡಿಕೊಳ್ಳುವುದು. ಚರ್ಮ ಉರಿಯುವಂಥ ಯಾವುದನ್ನು ಹಚ್ಚಿದರೂ ಕೆಂಪು ಇನ್ನಷ್ಟು ದಿನ ಉಳಿಯುತ್ತದೆ.

ನನ್ನನ್ನು ಕೇಳಿದರೆ ಮೊದಲು ಕೊಳ್ಳಬೇಕಾದದ್ದು ಸನ್‌ಸ್ಕ್ರೀನ್, ಸೀರಮ್ ಆಮೇಲೆ. ಎಸ್‌ಪಿಎಫ್ (ಬಿಸಿಲಿನ ಸುಡುವಿಕೆಯಿಂದ ಕಾಯುವ ಅಳತೆ) 30ಕ್ಕಿಂತ ಕಡಿಮೆ ಬೇಡ, 50 ಆದರೆ ಒಳ್ಳೆಯದು, ಪಿಎ (ಯುವಿಎ ಕಿರಣದಿಂದ ಕಾಯುವ ಅಳತೆ) ಮುಂದೆ ಮೂರು ಅಥವಾ ನಾಲ್ಕು ಪ್ಲಸ್ ಇರಲಿ. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತಿ ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿ ಇಳಿಯುವಷ್ಟರಲ್ಲಿ ಮುಖದಿಂದ ನೀರು ಇಳಿಯುತ್ತಿರುತ್ತದೆ, ಅಂಥದ್ದರಲ್ಲಿ ಗಟ್ಟಿ ಕ್ರೀಮಿನ ಸನ್‌ಸ್ಕ್ರೀನ್ ಕೊಂಡರೆ ಒಂದು ವಾರ ಹಚ್ಚಿ ಮೂಲೆಗೆ ಇಡುತ್ತೀರಿ. ಜೆಲ್ ಅಥವಾ ನೀರಿನಂತೆ ತೆಳುವಾಗಿರುವುದು ನೋಡಿ. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಹಿಂಡಿದಷ್ಟು ಮುಖ ಮತ್ತು ಕುತ್ತಿಗೆಗೆ ಬೇಕು. ಬೆವರನ್ನು ಉಜ್ಜಿ ಒರೆಸಬೇಡಿ, ಮೆತ್ತನೆ ಬಟ್ಟೆಯಿಂದ ಒತ್ತಿ ತೆಗೆಯಿರಿ. ಮಳೆಗಾಲದಲ್ಲಿ ಬಿಸಿಲೇ ಇಲ್ಲವಲ್ಲ ಅಂತ ಬಿಡುವವರು ಜಾಸ್ತಿ, ಆದರೆ ಬಿಸಿಲಿನ ಯುವಿ ಕಿರಣ ಮೋಡ ದಾಟಿ ಬರುತ್ತದೆ, ಅದರಲ್ಲಿ ಯುವಿಎ ಅನ್ನುವ ಬಗೆ ಅಂತೂ ಕಿಟಕಿ ಗಾಜನ್ನೂ ದಾಟುತ್ತದೆ. ಕಂದು ಕಲೆಯೂ ಇದ್ದರೆ ಐರನ್ ಆಕ್ಸೈಡ್ ಇರುವ, ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಇನ್ನೂ ಒಳ್ಳೆಯದು.

ಹಚ್ಚುವ ಔಷಧಿಗಳಲ್ಲಿ ನನ್ನ ಮೊದಲ ಆಯ್ಕೆ ಅಜೆಲಾಯಿಕ್ ಆ್ಯಸಿಡ್. ಮೊಡವೆ, ಕೆಂಪು, ಕಂದು, ಮೂರಕ್ಕೂ ಇದು ಉಪಯೋಗಕ್ಕೆ ಬರುತ್ತದೆ. 10 ಶೇಕಡಾದಿಂದ ಶುರು ಮಾಡಿ, ವಾರಕ್ಕೆ ಮೂರು ರಾತ್ರಿ ಸಾಕು. ಮೊದಲ ಕೆಲವು ದಿನ ಸ್ವಲ್ಪ ತುರಿಕೆ, ಚುರುಚುರು ಆಗುತ್ತದೆ, ಮಾಯಿಶ್ಚರೈಸರ್ ಹಚ್ಚಿ ಅದರ ಮೇಲೆ ಹಚ್ಚಿದರೆ ತಡೆದುಕೊಳ್ಳಬಹುದು. ಜೋರಾಗಿ ಉರಿದರೆ ತೊಳೆದು ಬಿಡಿ. 15, 20 ಶೇಕಡಾದ್ದು ಬೇಕಿದ್ದರೆ ಡಾಕ್ಟರನ್ನು ಕೇಳಿ. ಗರ್ಭಿಣಿಯರಿಗೂ ಡಾಕ್ಟರುಗಳು ಸಾಮಾನ್ಯವಾಗಿ ಒಪ್ಪುವಂಥ ಔಷಧಿ ಇದು, ಆದರೂ ಅವರನ್ನು ಕೇಳಿಯೇ ಹಚ್ಚಿ. ಎಡಾಪಲೀನ್‌ನಂಥ ರೆಟಿನಾಯ್ಡ್‌ಗಳನ್ನು (ವಿಟಮಿನ್ ಎ ಬಗೆಯ ಮೊಡವೆ ಔಷಧಿ) ಮಾತ್ರ ಆ ಸಮಯದಲ್ಲಿ ಮುಟ್ಟಬಾರದು.

ಎರಡನೆಯದು ನಯಾಸಿನಮೈಡ್, ಅಂದರೆ ವಿಟಮಿನ್ ಬಿ3ಯ ಒಂದು ರೂಪ. ಅಂಗಡಿ ತುಂಬ 10 ಶೇಕಡಾದ ಬಾಟಲಿಗಳೇ ಇವೆ, ಆದರೆ 4–5 ಶೇಕಡಾ ಸಾಕು, 10ಕ್ಕೆ ಕೆಲವರ ಮುಖ ಇನ್ನೂ ಕೆಂಪಾಗುತ್ತದೆ. ಸೆಂಟೆಲ್ಲಾ ಅಂತ ಕೊರಿಯಾದ ಕ್ರೀಮ್‌ಗಳಲ್ಲಿ ಬರುವುದು ನಮ್ಮ ಒಂದೆಲಗವೇ, ಚರ್ಮಕ್ಕೆ ಹಿತವಾಗಿರುತ್ತದೆ. ಹಾಗಂತ ಸೊಪ್ಪು ಅರೆದು ಮುಖಕ್ಕೆ ಬಳಿಯಬೇಡಿ, ತಂಬುಳಿ ಮಾಡಿ. ವಿಟಮಿನ್ ಸಿ ಸೀರಮ್ ಒಳ್ಳೆಯದೇ, ಆದರೆ ಸೆಕೆಗೆ ಬೇಗ ಕೆಡುತ್ತದೆ, ಬಾಟಲಿಯಲ್ಲಿ ಕಂದು ಬಣ್ಣಕ್ಕೆ ತಿರುಗಿದರೆ ಎಸೆಯಿರಿ.

ಹೊಸದು ಯಾವುದೇ ಇರಲಿ, ಮೊದಲು ದವಡೆಯ ಅಂಚಿಗೆ ಕೆಲವು ದಿನ ಹಚ್ಚಿ ನೋಡಿ. ಒಂದು ಒಗ್ಗಿ ಎರಡು ವಾರ ಆದ ಮೇಲೆ ಇನ್ನೊಂದು ಸೇರಿಸಿ. ಎಲ್ಲಾ ಒಟ್ಟಿಗೆ ಶುರು ಮಾಡಿದರೆ ಯಾವುದರಿಂದ ಉರಿ ಬಂತು ಅಂತ ಗೊತ್ತಾಗುವುದಿಲ್ಲ, ಅಲ್ವಾ?

ಫೇಸ್‌ವಾಶ್, ಮಾಯಿಶ್ಚರೈಸರ್ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಪರಿಮಳ ಇಲ್ಲದ್ದು, ತೊಳೆದ ಮೇಲೆ ಮುಖ ಬಿಗಿಯಾಗದಂಥದ್ದು ಸಾಕು. ಕಾಳಿನಂಥ ಸ್ಕ್ರಬ್ ಬೇಡ, ಪಾರ್ಲರ್ ಬ್ಲೀಚ್ ಬೇಡ, ನಿಂಬೆ ರಸ, ಟೂತ್‌ಪೇಸ್ಟ್, ಅಡುಗೆ ಸೋಡಾ ಯಾವುದೂ ಬೇಡ. ನಿಂಬೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಹೊಸ ಕಲೆ ಬೀಳಬಹುದು. ಊರಿಂದ ಅಮ್ಮ ಕಳಿಸುವ ಕೊಬ್ಬರಿ ಎಣ್ಣೆ ತಲೆಗೆ ಹಚ್ಚಿ, ಸ್ನಾನದಲ್ಲಿ ಪೂರ್ತಿ ತೊಳೆಯಿರಿ. ರಾತ್ರಿಯಿಡೀ ಹಣೆಗೆ, ದಿಂಬಿಗೆ ಇಳಿದರೆ ಮೊಡವೆ ಬರುವವರಿಗೆ ಅಲ್ಲೇ ಮತ್ತೆ ಬರುತ್ತದೆ.

ಈಗ ನನಗೆ ನಿಜವಾಗಿ ಭಯ ಇರುವ ವಿಷಯ. ಮುಂಬಯಿಯ ಯಾವುದೋ ಗಲ್ಲಿಯ ಮೆಡಿಕಲ್‌ನಲ್ಲಿ ಕಲೆಗೆ ಏನಾದರೂ ಕೊಡಿ ಅಂತ ಕೇಳಿದರೆ ಚೀಟಿ ಇಲ್ಲದೆಯೇ ಒಂದು ಟ್ಯೂಬ್ ಕೈಗೆ ಬರುವುದುಂಟು. ತಿರುಗಿಸಿ ಸಣ್ಣ ಅಕ್ಷರ ಓದಿ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲುಸಿನೊಲೋನ್ ಅಂತ ಇದ್ದರೆ ಅದು ಸ್ಟಿರಾಯ್ಡ್, ವಾಪಸ್ ಕೊಡಿ. ಮೊದಲ ವಾರ ಮುಖ ತಿಳಿಯಾಗಿ ಕಾಣುತ್ತದೆ, ಅದಕ್ಕೇ ಜನ ಅದನ್ನು ನಂಬುತ್ತಾರೆ, ಅಕ್ಕ ತಂಗಿಗೂ ಕೊಡುತ್ತಾರೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ಹೆಚ್ಚುತ್ತದೆ, ಬಿಟ್ಟರೆ ಮುಖ ಉರಿಯುತ್ತದೆ. 2018ರಲ್ಲಿ ಸರ್ಕಾರ ಇಂಥ ಸ್ಟಿರಾಯ್ಡ್ ಕ್ರೀಮ್‌ಗಳನ್ನು ಡಾಕ್ಟರ ಚೀಟಿ ಬೇಕಾದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ಈಗಾಗಲೇ ತುಂಬ ದಿನದಿಂದ ಹಚ್ಚುತ್ತಿದ್ದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ, ಚರ್ಮದ ಡಾಕ್ಟರ ಹತ್ತಿರ ಹೋಗಿ.

ಖಾಸಗಿ ಕ್ಲಿನಿಕ್ಕಿಗೆ ದುಡ್ಡಿಲ್ಲದಿದ್ದರೆ ಪರೇಲಿನ ಕೆಇಎಂ, ಸಾಯನ್, ಮುಂಬಯಿ ಸೆಂಟ್ರಲ್‌ನ ನಾಯರ್ ಇವೆ. ಈ ಪಾಲಿಕೆ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇದೆ. ಸಾಲು ಉದ್ದ, ಬೆಳಗ್ಗೆ ಬೇಗ ಹೋಗಿ. ಹೊಸ ಮೊಡವೆ ನಿಲ್ಲದೆ ಬರುತ್ತಿದ್ದರೆ, ಬಿಸಿ ಚಹಾ, ಖಾರಕ್ಕೆ ಕೆನ್ನೆ ಮೂಗು ಕೆಂಪೇರುತ್ತಿದ್ದರೆ, ಗುಳಿ ಬಿದ್ದಿದ್ದರೆ ಸೀರಮ್ ನಂಬಿ ಕೂರಬೇಡಿ. ಕೆನ್ನೆ ಕೆಂಪೇರುವುದು ರೊಸೇಶಿಯಾ ಅನ್ನುವ ಬೇರೆಯೇ ಚರ್ಮರೋಗ ಇರಬಹುದು, ಗುಳಿಯನ್ನು ಯಾವ ಕ್ರೀಮೂ ತುಂಬುವುದಿಲ್ಲ.

ಕೆಂಪು ಮಾಯಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷ ದಾಟುತ್ತದೆ. ಮುಂದಿನ ವಾರದ ಮದುವೆಗೆ ಹೋಗಬೇಕು ಅಂತಿದ್ದರೆ ತಿಳಿ ಹಸಿರು ಕನ್ಸೀಲರ್ ಕೆಂಪನ್ನು ಮುಚ್ಚುತ್ತದೆ. ದಿನಾ ಕನ್ನಡಿ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ, ತಿಂಗಳಿಗೊಮ್ಮೆ ಅದೇ ಕಿಟಕಿ ಬೆಳಕಲ್ಲಿ, ಫಿಲ್ಟರ್ ಇಲ್ಲದೆ ಒಂದು ಫೋಟೋ ತೆಗೆದಿಡಿ. ಮೂರು ತಿಂಗಳ ಫೋಟೋಗಳಲ್ಲೂ ಬದಲಾವಣೆ ಇಲ್ಲದಿದ್ದರೆ ಅವನ್ನೇ ಡಾಕ್ಟರಿಗೆ ತೋರಿಸಿ, ರಕ್ತನಾಳಕ್ಕೆಂದೇ ಇರುವ ಪಲ್ಸ್ಡ್ ಡೈ ಲೇಸರ್ ನಿಮ್ಮ ಮೈಬಣ್ಣಕ್ಕೆ ಆಗುತ್ತದೆಯೇ ಅಂತ ಕೇಳಿ.