ಗೋಬರ್ ಗ್ಯಾಸಿನಿಂದ ಮೆಥನಾಲ್: ಬ್ಯಾಕ್ಟೀರಿಯಾವನ್ನು ಅರ್ಧ ದಾರಿಯಲ್ಲಿ ತಡೆಯುವ ಬಗೆ

ಮುಧೋಳ, ಜಮಖಂಡಿ ಭಾಗದ ಕಬ್ಬಿನ ಸೀಮೆಯಲ್ಲಿ ಸಗಣಿಗೂ ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ಡಿಗೂ (ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಮಡ್ಡಿ) ಕೊರತೆಯಿಲ್ಲ. ಗಾಳಿಯಾಡದಂತೆ ಕೊಳೆಯಿಸಿದರೆ ಇವುಗಳಿಂದ ಹುಟ್ಟುವ ಅನಿಲದಲ್ಲಿ ಶೇ 50ರಿಂದ 65ರಷ್ಟು ಮೀಥೇನ್ ಇರುತ್ತದೆ. ಅದನ್ನು ಒಲೆಗೆ ಹಚ್ಚಬಹುದು, ಕ್ಯಾನಿಗೆ ತುಂಬಿ ಒಯ್ಯಲಾಗದು. ಮೀಥೇನನ್ನು ಮೆಥನಾಲ್ ಎಂಬ ದ್ರವ ಇಂಧನವಾಗಿಸಲು ಕಾರ್ಖಾನೆಗಳಿಗೆ 200 ಡಿಗ್ರಿ ಮೀರಿದ ಶಾಖವೂ ಭಾರಿ ಒತ್ತಡವೂ ಬೇಕು. ಮೀಥೇನನ್ನೇ ಉಂಡು ಬದುಕುವ ಬ್ಯಾಕ್ಟೀರಿಯಾ ಆ ಕೆಲಸವನ್ನು 30 ಡಿಗ್ರಿಯಲ್ಲೇ ಮುಗಿಸುತ್ತದೆ. ಬಾಗಲಕೋಟೆಯ ಕಾಲೇಜು ಪ್ರಯೋಗಾಲಯದಲ್ಲಿ ಇದನ್ನು ಮಾಡಿ ನೋಡಬಹುದು. ಮನೆಯಲ್ಲಿ ಬೇಡ, ಮೆಥನಾಲ್ ಕಣ್ಣನ್ನೂ ಪ್ರಾಣವನ್ನೂ ಕಳೆಯುವ ವಿಷ.

ಮೊದಲು ಅನಿಲವನ್ನು ಲೇತಿನ ತುಕ್ಕು ಹಿಡಿದ ಕಬ್ಬಿಣದ ಚೂರುಗಳ ಮೂಲಕ ಹಾಯಿಸಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡನ್ನು ತೆಗೆಯಬೇಕು; ಸುಣ್ಣದ ತಿಳಿಯಲ್ಲಿ ಗುಳ್ಳೆಯೆಬ್ಬಿಸಿದರೆ ಇಂಗಾಲದ ಡೈಆಕ್ಸೈಡೂ ಬಹುಮಟ್ಟಿಗೆ ಇಳಿಯುತ್ತದೆ.

ಬ್ಯಾಕ್ಟೀರಿಯಾವನ್ನು ದೂರದಿಂದ ತರಿಸಬೇಕಿಲ್ಲ. ಕೆಳಗಿನಿಂದ ಮೀಥೇನ್, ಮೇಲಿನಿಂದ ಗಾಳಿ ಸಿಗುವ ಕಡೆಯಲ್ಲೆಲ್ಲ ಅದು ಇರುತ್ತದೆ. ಘಟಪ್ರಭೆಯ ದಂಡೆಯ ಕೆಸರು ಸಾಕು. ನೈಟ್ರೇಟ್ ಮತ್ತು ಖನಿಜ ಲವಣಗಳ ದ್ರಾವಣಕ್ಕೆ ಚಿಟಿಕೆ ಕೆಸರು ಬೆರೆಸಿ, ಬಾಟಲಿಯ ಖಾಲಿ ಜಾಗಕ್ಕೆ ಒಂದು ಪಾಲು ಮೀಥೇನ್, ಎರಡು ಪಾಲು ಗಾಳಿ ತುಂಬಿ, ರಬ್ಬರ್ ಬಿರಡೆ ಬಿಗಿದು 30 ಡಿಗ್ರಿಯಲ್ಲಿ ಅಲುಗಾಡಿಸುತ್ತಿರಬೇಕು. ಗಾಳಿಯಲ್ಲಿ ಮೀಥೇನ್ ಶೇ 5ರಿಂದ 15ರಷ್ಟಿದ್ದರೆ ಕಿಡಿಗೆ ಸಿಡಿಯುತ್ತದೆ. ಸೋರಿದ ಅನಿಲ ಆ ಮಟ್ಟ ದಾಟಿಯೇ ತೆಳುವಾಗುವುದರಿಂದ ಹತ್ತಿರ ಬೆಂಕಿ ಇರಕೂಡದು. ದ್ರಾವಣ ಕದಡಿದಂತಾದ ಮೇಲೆ ಅದರ ತುಸು ಭಾಗವನ್ನು ಹೊಸ ದ್ರಾವಣಕ್ಕೆ ಮತ್ತೆ ಮತ್ತೆ ದಾಟಿಸಿ ಶುದ್ಧ ತಳಿಯನ್ನು ಬೇರ್ಪಡಿಸಬೇಕು. ಇದರಲ್ಲಿ ಸೋಮಾರಿತನ ಸಲ್ಲದು: ಜೊತೆಗೆ ಬೆಳೆಯುವ ಬೇರೆ ಸೂಕ್ಷ್ಮಜೀವಿಗಳು ಮೆಥನಾಲನ್ನೇ ಉಣ್ಣುತ್ತವೆ.

ನಿಜವಾದ ತೊಡಕು ಇನ್ನು ಮುಂದಿದೆ. ಮೀಥೇನ್ ಮಾನೊಆಕ್ಸಿಜನೇಸ್ ಎಂಬ ಕಿಣ್ವ ಮೀಥೇನಿಗೆ ಆಮ್ಲಜನಕ ಕೂಡಿಸಿ ಮೆಥನಾಲ್ ಮಾಡುತ್ತದೆ. ಆದರೆ ಬ್ಯಾಕ್ಟೀರಿಯಾಕ್ಕೆ ಅದು ಬಾಯಿಗೆ ಹೋಗುವ ತುತ್ತು, ಕೂಡಿಡುವ ಸರಕಲ್ಲ. ಮೆಥನಾಲ್ ಡಿಹೈಡ್ರೋಜನೇಸ್ ಎಂಬ ಎರಡನೆಯ ಕಿಣ್ವ ಅದನ್ನು ಕೂಡಲೇ ಫಾರ್ಮಾಲ್ಡಿಹೈಡ್ ಆಗಿಸುತ್ತದೆ. ಹಾಗಾಗಿ ಕೋಶಗಳು ಚೆನ್ನಾಗಿ ಬೆಳೆದ ಮೇಲೆ ಹೆಚ್ಚು ಫಾಸ್ಫೇಟ್ ಇಲ್ಲವೇ ಉಪ್ಪು ಬೆರೆಸಿ ಈ ಎರಡನೆಯ ಕಿಣ್ವವನ್ನು ಕಟ್ಟಿಹಾಕುತ್ತಾರೆ. ಇದರಿಂದ ಇನ್ನೊಂದು ಪೇಚು ಹುಟ್ಟುತ್ತದೆ: ಮೊದಲ ಕಿಣ್ವಕ್ಕೆ ಬೇಕಾದ ಎಲೆಕ್ಟ್ರಾನ್‌ಗಳು ಮುಂದಿನ ಹಂತಗಳಿಂದಲೇ ಬರಬೇಕು, ನಾವೋ ಆ ದಾರಿಯನ್ನೇ ಮುಚ್ಚಿರುತ್ತೇವೆ. ಈ ಕೊರತೆ ತುಂಬಲೆಂದು, ಕೋಶಕ್ಕೆ ಎಲೆಕ್ಟ್ರಾನ್ ಒದಗಿಸುವ ಸೋಡಿಯಂ ಫಾರ್ಮೇಟ್ ಎಂಬ ಲವಣ ಹಾಕಬೇಕು. ಗಳಿಕೆಯ ಲೆಕ್ಕ ಹಾಕುವಾಗ ಈ ಫಾರ್ಮೇಟಿನ ಬೆಲೆಯನ್ನು ಮರೆಯುವವರೇ ಹೆಚ್ಚು.

ಕೆಲವು ಗಂಟೆಗಳ ನಂತರ ಕೋಶಗಳನ್ನು ಸೋಸಿ, ತಿಳಿಯಲ್ಲಿರುವ ಮೆಥನಾಲನ್ನು ಗ್ಯಾಸ್ ಕ್ರೊಮ್ಯಾಟೊಗ್ರಾಫಿನಲ್ಲಿ (ಮಿಶ್ರಣದ ಒಂದೊಂದು ವಸ್ತುವನ್ನೂ ಬೇರ್ಪಡಿಸಿ ಅಳೆಯುವ ಉಪಕರಣ) ಅಳೆಯಬೇಕು. ಲೀಟರಿಗೆ ಒಂದು ಗ್ರಾಂ ಆಸುಪಾಸು ಬಂದರೆ ಒಳ್ಳೆಯ ಫಲಿತಾಂಶವೇ. ಮೆಥನಾಲ್ 64.7 ಡಿಗ್ರಿಯಲ್ಲಿ ಕುದಿಯುವುದರಿಂದ ಬಟ್ಟಿ ಇಳಿಸುವುದು ಸುಲಭವೆನಿಸಬಹುದು. ಆದರೆ ಒಂದು ಕಿಲೋ ಮೆಥನಾಲಿಗಾಗಿ ಸಾವಿರ ಲೀಟರ್ ನೀರನ್ನು ಬಿಸಿ ಮಾಡಬೇಕು, ಆ ಒಂದು ಕಿಲೋದಲ್ಲಿರುವ ಶಕ್ತಿ ಅರ್ಧ ಲೀಟರಿಗಿಂತ ತುಸು ಹೆಚ್ಚು ಪೆಟ್ರೋಲಿಗೆ ಸಮ.